ಪರದೆಯ ಮೇಲೆ ಕಾರು, ಎದೆಯೊಳಗೆ ಓಟ

ಕಾರುಗಳು ಒಂದನ್ನೊಂದು ಬೆನ್ನಟ್ಟುವ ಚಿತ್ರ ನೋಡುವಾಗ ನಿಮ್ಮ ಬಲಗಾಲನ್ನು ಒಮ್ಮೆ ಗಮನಿಸಿ. ತಿರುವಿನಲ್ಲಿ ಎದುರಿನಿಂದ ಲಾರಿ ನುಗ್ಗಿದೊಡನೆ ಆ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ, ಇರುವುದು ಕಡಲೆಕಾಯಿ ಸಿಪ್ಪೆ ಮಾತ್ರ. ಆದರೂ ಒತ್ತುತ್ತದೆ. ಇದು ಸಿನಿಮಾ ಎಂದು ನಿಮಗೆ ಗೊತ್ತು. ನಿಮ್ಮ ದೇಹಕ್ಕೆ ಮಾತ್ರ ಅದು ಅಷ್ಟು ಬೇಗ ಮನವರಿಕೆಯಾಗುವುದಿಲ್ಲ.

2000ನೇ ಇಸವಿಯಲ್ಲಿ ಬಂದ ‘ಗಾನ್ ಇನ್ ಸಿಕ್ಸ್ಟಿ ಸೆಕೆಂಡ್ಸ್’ ಎಂಬ ಅಮೆರಿಕದ ಚಿತ್ರವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನಿಕೋಲಸ್ ಕೇಜ್ ಕಸುಬು ಬಿಟ್ಟು ಕುಳಿತ ಕಾರುಗಳ್ಳ. ತಮ್ಮನ ಪ್ರಾಣ ಉಳಿಯಬೇಕಾದರೆ ಮೂರು ದಿನದ ಗಡುವಿನೊಳಗೆ 50 ಕಾರುಗಳನ್ನು ಕದ್ದು ಕೊಡಬೇಕು. ಕೊನೆಯದು 1967ರ ಮಸ್ಟ್ಯಾಂಗ್ ಕಾರು. ಅದರ ಹಿಂದೆ ಪೊಲೀಸರ ದಂಡು, ಎದುರಿಗೆ ಸೇತುವೆ. ಕಥೆಯಲ್ಲಿ ಸತ್ವವಿಲ್ಲವೆಂದು ವಿಮರ್ಶಕರು ಆಗ ಮೂಗು ಮುರಿದರು, ಪ್ರೇಕ್ಷಕರು ಮಾತ್ರ ಮುಗಿಬಿದ್ದು ನೋಡಿದರು. ವೈದ್ಯನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ವಿಮರ್ಶಕರು ತಲೆಯಿಂದ ಅಳೆದರು, ಪ್ರೇಕ್ಷಕರು ನಾಡಿಯಿಂದ ಅಳೆದರು.

ನಮ್ಮ ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದಂತಹ ಪುಟ್ಟ ಭಾಗವೊಂದಿದೆ. ಅದರ ಹೆಸರು ಅಮಿಗ್ಡಲಾ. ಅಪಾಯದ ಸುಳಿವನ್ನು ಹಿಡಿಯುವುದು ಅದರ ಕೆಲಸ. ಟೈರು ಕಿರುಚಿದ ಸದ್ದು, ದಿಢೀರನೆ ದೊಡ್ಡದಾಗುತ್ತ ಮೈಮೇಲೆ ಬರುವ ಆಕೃತಿ, ಇಷ್ಟೇ ಸಾಕು. ಇದು ನಿಜವೋ ಸುಳ್ಳೋ ಎಂದು ಯೋಚಿಸುವ ಮಿದುಳಿನ ಮೇಲ್ಭಾಗ ತೀರ್ಮಾನಕ್ಕೆ ಬರುವುದರೊಳಗೆ ಎಚ್ಚರಿಕೆಯ ಗಂಟೆ ಬಾರಿಸಿಬಿಟ್ಟಿರುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಓಡಲು ಅಥವಾ ಹೊಡೆದಾಡಲು ಬೇಕಾದ ಸಿದ್ಧತೆಯೆಲ್ಲ ಮುಗಿಯಿತು. ಆದರೆ ನೀವು ಎಲ್ಲಿಗೂ ಓಡುವುದಿಲ್ಲ, ಕುರ್ಚಿಯಲ್ಲೇ ಕುಳಿತಿರುತ್ತೀರಿ. ನಿಜವಾದ ಅಪಾಯವಿಲ್ಲದೆ ಸಿಗುವ ಈ ಉದ್ವೇಗವೇ ಅಂತಹ ಚಿತ್ರಗಳ ಸುಖ. ಆರೋಗ್ಯವಂತರಿಗೆ ಇದರಿಂದ ಕೆಡುಕೇನಿಲ್ಲ. ಇಂತಹ ಚಿತ್ರಗಳನ್ನು ನೋಡಲೇಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಮನೆಯ ಹುಡುಗರು ಕೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಚಿತ್ರ ಮುಗಿದ ನಂತರದ ಹತ್ತು ಹದಿನೈದು ನಿಮಿಷಗಳ ವಿಷಯ.

ದೀಪ ಹತ್ತಿದೊಡನೆ ದೇಹದ ಉದ್ವೇಗ ಆರುವುದಿಲ್ಲ. ಸ್ವಿಚ್ ಆರಿಸಿದ ಮೇಲೂ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿರುವಂತೆ ಅದು ನಿಧಾನವಾಗಿ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಈ ಉಳಿಕೆಯ ಮೇಲೆ ಪ್ರಯೋಗಗಳನ್ನು ನಡೆಸಿದರು. 1975ರ ಒಂದು ಪ್ರಯೋಗದಲ್ಲಿ ಕೆಲವರಿಂದ ಸೈಕಲ್ ತುಳಿಸಿ, ಆಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಒಂದು ಚಿತ್ರ ತೋರಿಸಿದರು. ತುಳಿದು ಮುಗಿಸಿದ ಕೂಡಲೇ ಚಿತ್ರ ನೋಡಿದವರಿಗೆ ತಮ್ಮ ಎದೆ ಬಡಿದುಕೊಳ್ಳುತ್ತಿರುವುದು ಸೈಕಲ್ಲಿನಿಂದ ಎಂದು ಗೊತ್ತಿತ್ತು. ಪೂರ್ತಿ ಸುಧಾರಿಸಿಕೊಂಡವರಲ್ಲಿ ಉದ್ವೇಗವೇ ಉಳಿದಿರಲಿಲ್ಲ. ಇವೆರಡರ ನಡುವಿನವರೇ ಎಲ್ಲರಿಗಿಂತ ಹೆಚ್ಚು ಉದ್ರೇಕಗೊಂಡರು. ಅವರ ಮೈ ಇನ್ನೂ ತಣ್ಣಗಾಗಿರಲಿಲ್ಲ, ಆದರೆ ತಾವು ತಣ್ಣಗಾಗಿದ್ದೇವೆಂದು ಅವರು ನಂಬಿದ್ದರು. ಒಳಗೆ ಉಳಿದಿದ್ದ ಬಿಸಿಯನ್ನು ಎದುರಿಗೆ ಸಿಕ್ಕಿದ್ದರ ಲೆಕ್ಕಕ್ಕೆ ಬರೆದುಬಿಟ್ಟರು.

ಚಿತ್ರಮಂದಿರದಿಂದ ಹೊರಬಂದು ನೂಕುನುಗ್ಗಲಿನಲ್ಲಿ ಸ್ಕೂಟರ್ ಹುಡುಕುವ ಹೊತ್ತು ಸರಿಯಾಗಿ ಈ ನಡುವಿನ ಹೊತ್ತೇ. ‘ನಾನು ಸರಿಯಾಗಿದ್ದೇನೆ’ ಅನ್ನಿಸುತ್ತದೆ. ಅಡ್ಡ ಬಂದ ಆಟೋದವನ ಮೇಲೆ ಬರುವ ಸಿಟ್ಟು ಅವನಿಗೆ ಸಲ್ಲಬೇಕಾದುದಕ್ಕಿಂತ ಎರಡು ಪಾಲು ಹೆಚ್ಚಿರುತ್ತದೆ. ಆಕ್ಸಿಲರೇಟರ್ ಮೇಲಿನ ಕೈಯೂ ಹಾಗೆಯೇ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯಲ್ಲಿ 2012ರಿಂದ 2017ರವರೆಗೆ ಅತಿವೇಗಕ್ಕಾಗಿ ಪೊಲೀಸರು ಬರೆದ ದಂಡದ ಚೀಟಿಗಳನ್ನು ಹಾರ್ವರ್ಡ್‌ನ ವೈದ್ಯ ಅನುಪಮ್ ಜೇನಾ ಮತ್ತು ಸಂಗಡಿಗರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸರಣಿಯ ಚಿತ್ರಗಳು ಬಿಡುಗಡೆಯಾದ ದಿನಗಳಲ್ಲಿ, ಸಿಕ್ಕಿಬಿದ್ದವರು ವೇಗದ ಮಿತಿಯನ್ನು ಹಿಂದಿಗಿಂತ ಹೆಚ್ಚು ಮೀರಿದ್ದರು. ‘ಹಂಗರ್ ಗೇಮ್ಸ್’ ಚಿತ್ರಗಳು ಬಂದಾಗ ಹೀಗಾಗಲಿಲ್ಲ. ಸಿಕ್ಕಿಬಿದ್ದವರೆಲ್ಲ ಆ ಚಿತ್ರವನ್ನು ನೋಡಿದ್ದರೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೂ ಕಡೆಗಣಿಸುವ ಸಂಗತಿಯಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕಿನತ್ತ ಕಾಲು ಹೋಗಲು ಒಂದು ಸೆಕೆಂಡ್ ಹಿಡಿಯಿತೆನ್ನಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ವಾಹನ 11 ಮೀಟರ್ ಮುಂದೆ ಹೋಗಿರುತ್ತದೆ. 80 ಕಿ.ಮೀ. ವೇಗದಲ್ಲಿ 22 ಮೀಟರ್. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆದ್ದರಿಂದ ಚಿತ್ರ ಮುಗಿದೊಡನೆ ಗಾಡಿ ತೆಗೆಯಬೇಡಿ. ಕಾಲು ಗಂಟೆ ಹೊರಗೆ ಅಡ್ಡಾಡಿ, ನೀರು ಕುಡಿಯಿರಿ, ಚಿತ್ರದ ವಿಷಯ ಹರಟಿ. ಅಷ್ಟರಲ್ಲಿ ವಾಹನ ನಿಲ್ದಾಣದ ನೂಕಾಟವೂ ಕಡಿಮೆಯಾಗಿರುತ್ತದೆ. ಮಗ ಬೈಕ್ ಓಡಿಸುವವನಾದರೆ ಬುದ್ಧಿ ಹೇಳುವುದಕ್ಕಿಂತ ಅವನನ್ನು ಕರೆದುಕೊಂಡು ಹೋಗಿ ಒಂದು ಲೋಟ ಕಾಫಿ ಕೊಡಿಸುವುದು ಲೇಸು.

ಇನ್ನು ಹೃದಯದ ತೊಂದರೆ ಇರುವವರ ಮಾತು. 2006ರಲ್ಲಿ ಜರ್ಮನಿಯಲ್ಲಿ ಫುಟ್ಬಾಲ್ ವಿಶ್ವಕಪ್ ನಡೆದಾಗ, ಆ ದೇಶದ ತಂಡ ಆಡಿದ ದಿನಗಳಲ್ಲಿ ಮ್ಯೂನಿಕ್ ಪ್ರದೇಶದ ಹೃದಯ ಸಂಬಂಧಿ ತುರ್ತು ಪ್ರಕರಣಗಳು ಸುಮಾರು ಎರಡೂವರೆ ಪಟ್ಟಿಗಿಂತ ಹೆಚ್ಚಾದವು. ಕುಳಿತು ನೋಡುವುದೂ ಹೃದಯಕ್ಕೆ ಕೆಲಸವೇ ಎಂಬುದು ಇದರಿಂದ ತಿಳಿಯುತ್ತದೆ. ಸಿನಿಮಾದ ಉದ್ವೇಗ ಅಷ್ಟು ತೀವ್ರವಾಗಿರಲಾರದು, ಆದರೂ ಇತ್ತೀಚೆಗೆ ಹೃದಯಾಘಾತವಾದವರು ಇಂತಹ ಚಿತ್ರಕ್ಕೆ ಹೋಗುವ ಮೊದಲು ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. ಸಂಜೆಯ ಮಾತ್ರೆಯನ್ನು ಸಿನಿಮಾದ ಗಡಿಬಿಡಿಯಲ್ಲಿ ತಪ್ಪಿಸಬೇಡಿ. ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ಎದೆಯಲ್ಲಿ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ‘ಇಂಟರ್ವಲ್ ಬರಲಿ’ ಎಂದು ಕಾಯಬಾರದು. ಕೂಡಲೇ ಎದ್ದು ಬಂದು 108ಕ್ಕೆ ಕರೆ ಮಾಡಿಸಿ.

ಸಕ್ಕರೆ ಕಾಯಿಲೆಯವರ ಗೊಂದಲ ಬೇರೆ ಬಗೆಯದು, ಅದನ್ನು ಹೇಳುವವರು ಕಡಿಮೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡು, ಊಟ ಮುಂದೂಡಿ ಚಿತ್ರಕ್ಕೆ ಕುಳಿತರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಆಗಲೂ ದೇಹ ಹೊರಬಿಡುವುದು ಅದೇ ಅಡ್ರಿನಲಿನ್ ರಸವನ್ನು. ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಡವಗುಟ್ಟುತ್ತದೆ. ಪರದೆಯ ಮೇಲೆ ಕಾರು ಹಾರುತ್ತಿರುವಾಗ ಇದು ಚಿತ್ರದ ಪ್ರಭಾವವೇ ಇರಬೇಕೆಂದು ಪಕ್ಕದಲ್ಲಿರುವವರೂ ತಿಳಿಯುತ್ತಾರೆ. ಪರದೆ ಶಾಂತವಾದ ಮೇಲೂ ನಡುಕ ಇಳಿಯದಿದ್ದರೆ, ಮಾತು ತೊದಲಿದರೆ, ಮಂಕು ಕವಿದರೆ ಅದು ಸಿನಿಮಾ ಅಲ್ಲ. ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಒಯ್ಯಬೇಕು.

ಚಿಕ್ಕ ಮಕ್ಕಳನ್ನು ಸೆಕೆಂಡ್ ಶೋಗೆ ಕರೆದೊಯ್ಯದಿದ್ದರೆ ಅವರ ನಿದ್ದೆ ಉಳಿಯುತ್ತದೆ. ಸ್ವಲ್ಪ ದೊಡ್ಡವರಾದರೆ ತೆರೆಯ ಹಿಂದಿನ ಸಂಗತಿ ತಿಳಿಸಿ. 2000ದ ಚಿತ್ರದಲ್ಲಿ ಮಸ್ಟ್ಯಾಂಗ್ ಸೇತುವೆಯ ಮೇಲೆ ಹಾರುವ ದೃಶ್ಯಕ್ಕೆ ಕಂಪ್ಯೂಟರಿನ ಕೈವಾಡವಿದೆ. ಆದರೆ ಇದೇ ಹೆಸರಿನ 1974ರ ಮೂಲ ಚಿತ್ರದಲ್ಲಿ ಕಂಪ್ಯೂಟರ್ ಇರಲಿಲ್ಲ. ಅದರ ನಿರ್ದೇಶಕ ಎಚ್.ಬಿ. ಹ್ಯಾಲಿಕಿಯೇ ನಾಯಕ, ಕಾರು ಓಡಿಸಿದವನೂ ಅವನೇ. ಚಿತ್ರೀಕರಣದಲ್ಲಿ 93 ಕಾರುಗಳು ನಜ್ಜುಗುಜ್ಜಾದವು. 1989ರಲ್ಲಿ ಅದರ ಮುಂದಿನ ಭಾಗದ ಸಾಹಸ ದೃಶ್ಯವೊಂದಕ್ಕೆ ಸಿದ್ಧತೆ ನಡೆಸುತ್ತಿದ್ದಾಗ ಕಂಬವೊಂದು ಮೈಮೇಲೆ ಬಿದ್ದು ಅವನು ತೀರಿಕೊಂಡ.