ಅಡಿಗೆಮನೆಯಲ್ಲಿ ಕಲಿತ ವ್ಯಾಪಾರ

ಜಾಹೀರಾತೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಹಲವರುಂಟು. ಇಲ್ಲದ ಗುಣವನ್ನು ಉಂಟೆಂದು ಸಾರಿ, ಬೇಡದ ಸರಕನ್ನು ಬೇಕೆನ್ನಿಸಿ, ಮನೆಯ ಹಣವನ್ನು ಹೊರಗೆಳೆಯುವ ವಿದ್ಯೆಯೇ ಅದೆಂದು ಅವರ ಅಭಿಪ್ರಾಯ. ಈ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ವೃತ್ತಿಯಲ್ಲಿಯೇ ಬಾಳಿ, ಅದರಿಂದಲೇ ಧನವನ್ನೂ ಕೀರ್ತಿಯನ್ನೂ ಗಳಿಸಿ, ಕೊಳ್ಳುವವರ ಬುದ್ಧಿಯನ್ನು ಹೀನೈಸಬಾರದೆಂದು ತನ್ನ ಕೆಲಸಗಾರರಿಗೆ ಕಡೆಯವರೆಗೂ ಬೋಧಿಸಿದವನೊಬ್ಬನಿದ್ದನು. ಅವನೇ ಡೇವಿಡ್ ಓಗಿಲ್ವಿ. ಮನೆಗೆ ಬೇಕಾದುದನ್ನು ಆರಿಸಿ ತರುವ ಹೊಣೆ ಹೊತ್ತವರೆಲ್ಲರೂ ಅವನ ಜೀವನವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಓಗಿಲ್ವಿಯು ಹುಟ್ಟಿದುದು 1911ನೆಯ ಇಸವಿ ಜೂನ್ 23ರಂದು, ಇಂಗ್ಲೆಂಡಿನ ವೆಸ್ಟ್ ಹಾರ್ಸ್ಲಿ ಎಂಬ ಹಳ್ಳಿಯಲ್ಲಿ. ತಂದೆಯು ಸ್ಕಾಟ್ಲೆಂಡಿನ ಮಲೆನಾಡಿನವನು. ವಿದ್ವಾಂಸನೇ ಆದರೂ ವ್ಯವಹಾರದಲ್ಲಿ ಕೈಸುಟ್ಟುಕೊಂಡವನು. ಮಗನು ವಿದ್ಯಾರ್ಥಿವೇತನದ ಬಲದಿಂದ ಓದಿ, 1929ರಲ್ಲಿ ಆಕ್ಸ್‌ಫರ್ಡಿಗೆ ಸೇರಿದನು. ಆದರೆ ಅಲ್ಲಿ ಮನಸ್ಸು ನಿಲ್ಲದೆ, 1931ರಲ್ಲಿ ಪದವಿಯಿಲ್ಲದೆಯೇ ಹೊರಬಿದ್ದನು. ಮುಂದೇನು? ಪ್ಯಾರಿಸ್ ನಗರಕ್ಕೆ ಹೋಗಿ, ಮೆಜೆಸ್ಟಿಕ್ ಎಂಬ ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸಕ್ಕೆ ನಿಂತನು. ಅವನಿಗೆ ಮೊದಲು ದೊರೆತ ಕೆಲಸ ಅತಿಥಿಗಳ ನಾಯಿಗಳಿಗೆ ಊಟ ಸಿದ್ಧಪಡಿಸುವುದು!

ಆ ಅಡಿಗೆಮನೆಯ ಒಡೆಯನು ಪಿತಾರ್ ಎಂಬ ಮುಖ್ಯ ಬಾಣಸಿಗ. ಕೋಪಿಷ್ಠ, ಆದರೆ ಕೆಲಸದಲ್ಲಿ ಒಂದಿನಿತೂ ಕೊರತೆಯನ್ನು ಸಹಿಸದವನು. ಒಂದು ದಿನ ಭಕ್ಷ್ಯಗಳ ಪಟ್ಟಿಯಲ್ಲಿ ಬರೆದಿದ್ದ ಅಡಿಗೆಯೊಂದು ಮುಗಿದುಹೋಗಿ, ಓಗಿಲ್ವಿಯು ಬಡಿಸುವವನಿಗೆ ಹಾಗೆಯೇ ಹೇಳಿ ಕಳುಹಿಸಿದನು. ಪಿತಾರನು ಉರಿದೆದ್ದನು. ಪಟ್ಟಿಯಲ್ಲಿ ಬರೆದುದೆಂದರೆ ಕೊಟ್ಟ ಮಾತು. ಕೊಟ್ಟ ಮಾತು ನಡೆಯಲೇಬೇಕೆಂದನು. ಹೊಸದಾಗಿ ಬೇಯಿಸಲು ಬಹಳ ಹೊತ್ತಾಗುವುದೆಂದು ಹುಡುಗನು ಅಂಜುತ್ತ ಹೇಳಲು, ಹಾಗಾದರೆ ಬೇರೆ ಹೋಟೆಲಿಗೆ ಗಾಡಿ ಕಳುಹಿಸಿಯಾದರೂ ತರಿಸಬೇಕಿತ್ತೆಂದು ಗದರಿಸಿದನು. ವ್ಯಾಪಾರದ ಮೊದಲನೆಯ ಪಾಠವನ್ನು ಓಗಿಲ್ವಿಯು ಕಲಿತುದು ಹೀಗೆ, ಒಲೆಯ ಮುಂದೆ.

ಎರಡನೆಯ ಪಾಠವೂ ಒಲೆಯದೇ. ಸ್ಕಾಟ್ಲೆಂಡಿಗೆ ಮರಳಿ ಅವನು ಆಗಾ ಎಂಬ ಒಲೆಯನ್ನು ಮನೆಮನೆಗೆ ಹೋಗಿ ಮಾರತೊಡಗಿದನು. ಇದನ್ನು 1922ರಲ್ಲಿ ನಿರ್ಮಿಸಿದವನು ಸ್ವೀಡನ್ ದೇಶದ ಗುಸ್ತಾಫ್ ಡಾಲೆನ್. 1912ರಲ್ಲಿ ಅಪಘಾತದಿಂದ ಕಣ್ಣು ಕಳೆದುಕೊಂಡು, ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಅವನು. ಬಾಗಿಲು ತಟ್ಟಿದಾಗ ಯಾರು ತೆರೆಯುವರು, ಅಡಿಗೆ ಮಾಡುವಾಕೆಯ ಕಷ್ಟವೇನು, ಅವಳು ಕೇಳುವ ಪ್ರಶ್ನೆಗಳೇನು, ಇವೆಲ್ಲವನ್ನೂ ಓಗಿಲ್ವಿಯು ಕಣ್ಣಾರೆ ಕಂಡನು. 1935ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಇತರ ಮಾರಾಟಗಾರರಿಗಾಗಿ ಅವನು ಬರೆದ ಕೈಪಿಡಿಯನ್ನು ಮುಂದೆ ಅಮೆರಿಕಾದ ಫಾರ್ಚೂನ್ ಪತ್ರಿಕೆಯು ಬಹಳವಾಗಿ ಹೊಗಳಿತು. ಆ ಕೈಪಿಡಿಯೇ ಅವನಿಗೆ ಲಂಡನ್ನಿನ ಮ್ಯಾದರ್ ಅಂಡ್ ಕ್ರೌದರ್ ಎಂಬ ಜಾಹೀರಾತು ಸಂಸ್ಥೆಯ ಬಾಗಿಲನ್ನು ತೆರೆಯಿತು. ಅಣ್ಣ ಫ್ರಾನ್ಸಿಸನು ಆಗಲೇ ಅಲ್ಲಿದ್ದನು.

1938ರಲ್ಲಿ ಅವನು ಅಮೆರಿಕಾಕ್ಕೆ ಹೋಗಿ, ಜನಾಭಿಪ್ರಾಯವನ್ನು ಅಳೆಯುವುದರಲ್ಲಿ ಹೆಸರಾದ ಜಾರ್ಜ್ ಗ್ಯಾಲಪನ ಬಳಿ ಸೇರಿದನು. ಜನರ ಮನಸ್ಸನ್ನು ಊಹಿಸಿ ಹೇಳುವುದಲ್ಲ, ಅವರನ್ನೇ ಕೇಳಿ ತಿಳಿಯಬೇಕೆಂಬುದು ಅಲ್ಲಿ ಕಲಿತ ಮೂರನೆಯ ಪಾಠ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತಚಾರ ಇಲಾಖೆಯಲ್ಲಿ ದುಡಿದನು. ಬಳಿಕ ಪೆನ್ಸಿಲ್ವೇನಿಯಾದಲ್ಲಿ, ಆಮಿಷ್ ಪಂಥದವರ ನೆರೆಯಲ್ಲಿ, ಕೆಲಕಾಲ ಬೇಸಾಯವನ್ನೂ ಮಾಡಿದನು. 1948ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಸಂಸ್ಥೆಯನ್ನು ತೆರೆದಾಗ ಅವನ ಕೈಯಲ್ಲಿದ್ದುದು 6,000 ಡಾಲರು. ಲಂಡನ್ನಿನ ಎರಡು ಸಂಸ್ಥೆಗಳು ಬೆಂಬಲವಾಗಿ ನಿಂತವು.

ಅವನಿಗೆ ಹೆಸರು ತಂದುದು ಒಂದು ಅಂಗಿ. ಹ್ಯಾಥವೇ ಎಂಬ ಹಳೆಯ ಅಂಗಿಯ ಕಂಪೆನಿಯವರು ಜಾಹೀರಾತಿಗೆಂದು ಕೊಡಬಲ್ಲವರಾಗಿದ್ದುದು ಕೇವಲ 30,000 ಡಾಲರು. 1951ರಲ್ಲಿ ಛಾಯಾಚಿತ್ರ ತೆಗೆಸಲು ಹೋಗುವಾಗ ದಾರಿಯಲ್ಲಿ ಓಗಿಲ್ವಿಯು ಅಗ್ಗದ ಕಪ್ಪು ಕಣ್ಣುಪಟ್ಟಿಯೊಂದನ್ನು ಕೊಂಡು, ಅಂಗಿ ತೊಟ್ಟು ನಿಂತವನ ಕಣ್ಣಿಗೆ ಕಟ್ಟಿದನು. ಈ ಗಂಭೀರ ಪುರುಷನಾರು, ಕಣ್ಣಿಗೇನಾಯಿತು ಎಂದು ಓದುವವರಿಗೆಲ್ಲ ಕುತೂಹಲ! ಅಂಗಿಗಳು ಬೇಗಬೇಗನೆ ಖರ್ಚಾದವು.

ಇಲ್ಲಿ ವಿಚಾರಶೀಲರು ಒಂದು ಪ್ರಶ್ನೆಯನ್ನು ಕೇಳದಿರಲಾರರು. ಕಣ್ಣುಪಟ್ಟಿಯಿಂದ ಅಂಗಿಯ ನೂಲು ಒಂದೆಳೆಯಷ್ಟಾದರೂ ಗಟ್ಟಿಯಾಯಿತೆ? ಇಲ್ಲ. ಸರಕಿಗೂ ಮನುಷ್ಯನಂತೆ ಒಂದು ವ್ಯಕ್ತಿತ್ವವುಂಟು, ಪ್ರತಿಯೊಂದು ಜಾಹೀರಾತೂ ಅದನ್ನು ಕಟ್ಟುವ ಇಟ್ಟಿಗೆ ಎಂಬುದು ಓಗಿಲ್ವಿಯ ವಾದವಾಗಿತ್ತು. ಕೊಳ್ಳುವವನು ಬಟ್ಟೆಯೊಡನೆ ಆ ವ್ಯಕ್ತಿತ್ವಕ್ಕೂ ಬೆಲೆ ತೆರುತ್ತಾನೆ. ತೆರುತ್ತಿರುವೆನೆಂದು ಅರಿತು ತೆತ್ತರೆ ದೋಷವಿಲ್ಲ. ಅರಿಯದೆ ತೆತ್ತರೆ ನಷ್ಟ ಅವನದೇ.

ಆದರೆ ಓಗಿಲ್ವಿಯು ಸೋಜಿಗವನ್ನಷ್ಟೇ ನೆಚ್ಚಿದವನಲ್ಲ. 1958ರಲ್ಲಿ ರೋಲ್ಸ್ ರಾಯ್ಸ್ ಮೋಟಾರಿನ ಕೆಲಸ ಬಂದಾಗ ಮೂರು ವಾರ ಅದರ ವಿಷಯವನ್ನೇ ಓದಿದನು. ಗಂಟೆಗೆ 60 ಮೈಲಿ ಓಡುವಾಗಲೂ ಒಳಗಿನ ಗಡಿಯಾರದ ಸದ್ದೇ ದೊಡ್ಡದಾಗಿ ಕೇಳುವುದೆಂಬ ಸಂಗತಿಯು ಮೋಟಾರು ಪತ್ರಿಕೆಯೊಂದರಲ್ಲಿ ಸಿಕ್ಕಿತು. ಅದನ್ನೇ ತಲೆಬರಹ ಮಾಡಿದನು. ನಮ್ಮ ಅಂಗಡಿಗಳಲ್ಲಿಯೂ ದೊರೆಯುವ ಡವ್ ಸಾಬೂನು 1957ರಲ್ಲಿ ಹೊರಬಂದಾಗ, ಅದರಲ್ಲಿ ಕಾಲುಭಾಗ ಚರ್ಮಕ್ಕೆ ಹಚ್ಚುವ ಕ್ರೀಮೇ ಇದೆಯೆಂದು ಸಾರಿದವನೂ ಅವನೇ. ಕೊಳ್ಳುವಾಕೆಯು ಮೂಢಳಲ್ಲ, ನಿಮ್ಮ ಮನೆಯಾಕೆಯಂಥವಳೇ. ಆಕೆಗೆ ಹೇಳಲಾಗದ ಸುಳ್ಳನ್ನು ಪರರ ಮನೆಯವರಿಗೂ ಹೇಳಬೇಡಿರೆಂಬುದು ಅವನು ಕೈಕೆಳಗಿನವರಿಗೆ ಕೊಟ್ಟ ಉಪದೇಶದ ಸಾರ.

ಎಡವಿದುದೂ ಉಂಟು. 1959ರಲ್ಲಿ ಅಮೆರಿಕಾದ ಹಿಂದಿನ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನಾರ್ ಅವರಿಗೆ 35,000 ಡಾಲರು ಕೊಟ್ಟು, ಅವರ ಬಾಯಿಂದ ಬೆಣ್ಣೆಯ ಬದಲಿನ ಮಾರ್ಗರೀನನ್ನು ಹೊಗಳಿಸಿದನು. ಜನರು ಆ ಮಹಿಳೆಯನ್ನು ನೆನಪಿಟ್ಟು ಸರಕನ್ನು ಮರೆಯುವರೆಂದು ಅವನಿಗೆ ಆಮೇಲೆ ಹೊಳೆಯಿತು. ತನ್ನ ತಪ್ಪನ್ನು ತಾನೇ ಬರೆದು ಒಪ್ಪಿಕೊಂಡನು. 1964ರಲ್ಲಿ ಅಮೆರಿಕಾ ಸರ್ಕಾರದ ವೈದ್ಯಾಧಿಕಾರಿಯ ವರದಿಯು ಧೂಮಪಾನವು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾರಿದಾಗ, ಸಿಗರೇಟಿನ ಜಾಹೀರಾತನ್ನು ಇನ್ನು ಒಪ್ಪುವುದಿಲ್ಲವೆಂದು ಅವನ ಸಂಸ್ಥೆಯು ಪ್ರಕಟಿಸಿತು. ಲಾಭದ ದೊಡ್ಡ ಬಾಗಿಲನ್ನು ತಾನಾಗಿ ಮುಚ್ಚುವುದು ಸುಲಭವಲ್ಲ.

1963ರಲ್ಲಿ ಅವನು ಬರೆದ ಆತ್ಮವೃತ್ತಾಂತವು ಲೋಕದ ನಾನಾ ಕಡೆ ಓದಲ್ಪಟ್ಟಿತು. 1973ರಲ್ಲಿ ಕೆಲಸದಿಂದ ನಿವೃತ್ತನಾಗಿ ಫ್ರಾನ್ಸಿನ ತೂಫು ಎಂಬ ಪ್ರಾಚೀನ ಕೋಟೆಮನೆಯಲ್ಲಿ ನೆಲೆಸಿದನು. ಆದರೂ ಸುಮ್ಮನಿರಲಾರದೆ 1980ರ ದಶಕದಲ್ಲಿ ನಮ್ಮ ಭಾರತದ ಶಾಖೆಗೂ ಅಧ್ಯಕ್ಷನಾಗಿದ್ದನು. 1989ರಲ್ಲಿ ಡಬ್ಲ್ಯೂಪಿಪಿ ಎಂಬ ಕಂಪೆನಿಯು ಅವನ ಸಂಸ್ಥೆಯನ್ನು 86 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಅದು ಅವನಿಗೆ ಒಪ್ಪಿಗೆಯಾದ ವ್ಯವಹಾರವಾಗಿರಲಿಲ್ಲ. 1999ನೆಯ ಇಸವಿ ಜುಲೈ 21ರಂದು, 88ನೆಯ ವಯಸ್ಸಿನಲ್ಲಿ, ತೂಫುವಿನಲ್ಲಿಯೇ ತೀರಿಕೊಂಡನು.

ಅವನ ಬಾಳಿನಿಂದ ನಾವು ಕಲಿಯಬೇಕಾದುದೇನು? ಜಾಹೀರಾತನ್ನು ಕಂಡು ಹೆದರಬೇಕಾಗಿಲ್ಲ, ಮರುಳಾಗಲೂ ಬಾರದು. ಇದರಲ್ಲಿ ಸಂಗತಿಯೆಷ್ಟು, ಕಣ್ಣುಪಟ್ಟಿಯೆಷ್ಟು ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಪಟ್ಟಿಯಲ್ಲಿ ಬರೆದುದನ್ನು ಎಲೆಗೆ ಬಡಿಸುವ ಅಂಗಡಿಗೆ ಮತ್ತೆ ಹೋಗೋಣ. ಬಡಿಸದ ಅಂಗಡಿಯ ಕಡೆಗೆ ತಿರುಗಿ ನೋಡದಿರೋಣ. ವರ್ತಕರನ್ನು ಸತ್ಯದ ದಾರಿಯಲ್ಲಿ ನಿಲ್ಲಿಸುವ ಶಕ್ತಿಯು ಕೊನೆಗೂ ಕೊಳ್ಳುವವರ ಕೈಯಲ್ಲಿಯೇ ಇದೆ.