ಪರರ ಲೇಖನಿ, ಚೀನೀಯರ ಮುಖ

1930ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಶಾಂಘಾಯ್ ನಗರದ ಹೆಸರಾಂತ ಚಿತ್ರಮಂದಿರವೊಂದರಲ್ಲಿ ಅಮೆರಿಕದ ಹಾಸ್ಯನಟ ಹೆರಾಲ್ಡ್ ಲಾಯ್ಡನ ಚಲಚ್ಚಿತ್ರವು ಪ್ರದರ್ಶಿತವಾಗುತ್ತಿದ್ದಾಗ, ಪ್ರೇಕ್ಷಕರ ನಡುವಿನಿಂದ ವಿದ್ವಾಂಸರೊಬ್ಬರು ಎದ್ದು ನಿಂತು, ಇದು ನಮ್ಮ ಜನಕ್ಕೆ ಎಸಗಿದ ಅವಮಾನವೆಂದೂ, ಹಣ ತೆತ್ತು ಇದನ್ನು ನೋಡುತ್ತ ಕುಳಿತಿರುವುದು ನಮಗೆ ತಕ್ಕುದಲ್ಲವೆಂದೂ ಸಾರಿ ಹೇಳಿದರು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀನೀ ಕೇರಿಯನ್ನು ಅಫೀಮಿನ ಕಳ್ಳಸಾಗಣೆಯವರ ಬೀಡೆಂದು ಆ ಚಿತ್ರವು ತೋರಿಸಿತ್ತು. ಎದ್ದು ನಿಂತವರು ಹಾಂಗ್ ಷೆನ್. ಅಮೆರಿಕದಲ್ಲಿ ವಿದ್ಯಾಭ್ಯಾಸ ಮಾಡಿ, ಹಾರ್ವರ್ಡಿನಲ್ಲಿ ನಾಟಕಶಾಸ್ತ್ರವನ್ನು ಕಲಿತು, ಸ್ವದೇಶಕ್ಕೆ ಮರಳಿ ಆಧುನಿಕ ಚೀನೀ ರಂಗಭೂಮಿಯನ್ನು ಕಟ್ಟಿದವರಲ್ಲಿ ಒಬ್ಬರು. ಪರಕೀಯರ ಆಡಳಿತಕ್ಕೆ ಒಳಪಟ್ಟಿದ್ದ ಆ ನಗರಭಾಗದ ಪೋಲೀಸರು ಅವರನ್ನು ಠಾಣೆಗೆ ಒಯ್ದು ಕೆಲವು ಗಂಟೆಗಳ ಕಾಲ ಕೂಡಿಸಿಕೊಂಡರು. ಆದರೆ ಅಷ್ಟರಲ್ಲಿ ಸುದ್ದಿಯು ಊರೆಲ್ಲ ಹಬ್ಬಿ, ಚಿತ್ರದ ಪ್ರದರ್ಶನವು ನಿಂತುಹೋಗುವಷ್ಟು ಪ್ರಬಲವಾದ ಪ್ರತಿಭಟನೆಯು ಹುಟ್ಟಿಕೊಂಡಿತ್ತು.

ತಮ್ಮ ದೇಶವನ್ನು ಕುರಿತು ಪಾಶ್ಚಾತ್ಯರು ಬರೆಯುವುದನ್ನೂ ತೋರಿಸುವುದನ್ನೂ ಚೀನೀಯರು ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆಯನ್ನು ವಿಚಾರಿಸುವವರು ಈ ಪ್ರಸಂಗದಿಂದ ತೊಡಗುವುದು ಉಚಿತವೆಂದು ನನಗೆ ತೋರುತ್ತದೆ. ಇಂದಿನ ಬೀಜಿಂಗ್ ಸರ್ಕಾರವು ಪಾಶ್ಚಾತ್ಯ ಪತ್ರಿಕೆಗಳ ಮೇಲೆ ಹೊರಿಸುವ ದೋಷಾರೋಪಣೆಗಳನ್ನು ಕೇಳಿದವರು, ಈ ಅಸಮಾಧಾನವೆಲ್ಲ ಸರ್ಕಾರದ ಪ್ರಚಾರದಿಂದ ಹುಟ್ಟಿದ್ದೆಂದು ಭಾವಿಸುವುದು ಸುಲಭ. ಆದರೆ ಇಂದಿನ ಆಳ್ವಿಕೆಯು ಸ್ಥಾಪಿತವಾಗುವುದಕ್ಕೆ ಹತ್ತೊಂಬತ್ತು ವರ್ಷಗಳ ಮೊದಲೇ, ಯಾವ ಪಕ್ಷದ ಆಜ್ಞೆಯೂ ಇಲ್ಲದೆ, ಪಾಶ್ಚಾತ್ಯ ವಿದ್ಯೆಯನ್ನೇ ಪ್ರೀತಿಯಿಂದ ಕಲಿತ ಒಬ್ಬ ಸ್ವತಂತ್ರ ಮನುಷ್ಯನ ಎದೆಯಲ್ಲಿ ಅದು ಉರಿದಿತ್ತು. ಮುಖಭಂಗವೆಂದು ನಾವು ಕನ್ನಡದಲ್ಲಿ ಯಾವುದನ್ನು ಕರೆಯುತ್ತೇವೆಯೋ ಅದಕ್ಕೆ ಚೀನೀ ಭಾಷೆಯಲ್ಲಿಯೂ ಮುಖವೆಂಬ ಅರ್ಥದ ಶಬ್ದದಿಂದಲೇ ನುಡಿಗಟ್ಟುಗಳಿವೆ. ಆ ನೋವು ನಿಜವಾದುದು. ಅದನ್ನು ಮೊದಲು ಒಪ್ಪಿಕೊಳ್ಳದೆ ಮುಂದಿನ ಮಾತಿಗೆ ಹೋಗಲಾಗದು.

ಆ ನೋವಿನ ಇತಿಹಾಸವೆಲ್ಲ ಅಡಗಿರುವ ಒಂದು ಮಾತಿದೆ: ‘ಪೂರ್ವ ಏಷ್ಯದ ರೋಗಿ’. ಅಟೋಮನ್ ಸಾಮ್ರಾಜ್ಯವನ್ನು ಯೂರೋಪಿನ ರೋಗಿಯೆಂದು ಕರೆಯುತ್ತಿದ್ದ ಕಾಲದಲ್ಲಿ, ಜಪಾನಿನ ಕೈಯಲ್ಲಿ ಸೋತ ಚೀನಾ ಸಾಮ್ರಾಜ್ಯವನ್ನು ಶಾಂಘಾಯಿಯ ಇಂಗ್ಲಿಷ್ ಪತ್ರಿಕೆಯೊಂದು 1896ರಲ್ಲಿ ಪೌರಸ್ತ್ಯ ರೋಗಿಯೆಂದು ವರ್ಣಿಸಿತು. ಸುಧಾರಕರಾದ ಲಿಯಾಂಗ್ ಚಿಚಾವ್ ಅವರ ಪತ್ರಿಕೆಯು ಆ ಲೇಖನವನ್ನು ಚೀನೀ ಭಾಷೆಗೆ ತಂದಿತು. ಆಗ ಆ ಮಾತು ಶಿಥಿಲವಾದ ರಾಜ್ಯವ್ಯವಸ್ಥೆಯನ್ನು ಕುರಿತದ್ದಾಗಿತ್ತು. ಕ್ರಮೇಣ ಅದು ಪ್ರತಿಯೊಬ್ಬ ಚೀನೀಯನ ದುರ್ಬಲ ಶರೀರವನ್ನು ಹೀಯಾಳಿಸುವ ನುಡಿಯೆಂಬ ಅರ್ಥವನ್ನು ತಳೆದು, ಜನಮನದಲ್ಲಿ ಮುಳ್ಳಾಗಿ ನೆಟ್ಟುಕೊಂಡಿತು. 1972ರಲ್ಲಿ ಬ್ರೂಸ್ ಲೀ ತನ್ನ ಚಿತ್ರದಲ್ಲಿ ಈ ಬರಹದ ಕಾಗದವನ್ನು ಹರಿದು, ಅದರಿಂದ ಅವಮಾನಿಸಿದವರಿಗೇ ತಿನ್ನಿಸಿದಾಗ ಚೀನೀ ಪ್ರೇಕ್ಷಕರು ಪಟ್ಟ ಆನಂದವನ್ನು ಈ ಪೂರ್ವಕಥೆಯಿಲ್ಲದೆ ತಿಳಿಯಲಾಗದು. 2020ರ ಫೆಬ್ರವರಿಯಲ್ಲಿ, ವೂಹಾನಿನ ಆಸ್ಪತ್ರೆಗಳಲ್ಲಿ ಜನರು ಕೋವಿಡ್ ರೋಗದಿಂದ ಸಾಯುತ್ತಿದ್ದಾಗ, ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯು ತನ್ನ ಅಭಿಪ್ರಾಯ ಪುಟದ ಲೇಖನವೊಂದಕ್ಕೆ ಚೀನವೇ ಏಷ್ಯದ ನಿಜವಾದ ರೋಗಿಯೆಂಬ ಅರ್ಥದ ಶೀರ್ಷಿಕೆಯನ್ನು ಕೊಟ್ಟಿತು. ಸರ್ಕಾರದ ಮೇಲೆ ಅದೇ ವಾರ ಕಡುಕೋಪದಿಂದಿದ್ದ ಚೀನೀಯರಿಗೂ ಅದು ಹಳೆಯ ಹುಣ್ಣಿನ ಮೇಲೆ ಬಿದ್ದ ಪೆಟ್ಟಾಯಿತು. ಆ ಪತ್ರಿಕೆಯವರೇ ಆದ 53 ಮಂದಿ ವರದಿಗಾರರೂ ಸಂಪಾದಕರೂ ಶೀರ್ಷಿಕೆಯನ್ನು ಬದಲಿಸಿ ಕ್ಷಮೆ ಬೇಡಬೇಕೆಂದು ತಮ್ಮ ಮೇಲಿನವರಿಗೆ ಬರೆದುಕೊಂಡರು. ಬೀಜಿಂಗ್ ಸರ್ಕಾರವಾದರೋ, ಆ ಶೀರ್ಷಿಕೆಯ ರಚನೆಯಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಮೂವರು ವರದಿಗಾರರನ್ನು ದೇಶದಿಂದ ಹೊರಗೆ ಕಳುಹಿಸಿತು. ಜನರ ನೋವು ಒಂದು, ಆ ನೋವನ್ನು ಮುಂದಿಟ್ಟುಕೊಂಡು ಅಧಿಕಾರವು ಮಾಡುವ ಕಾರ್ಯ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಪಾಶ್ಚಾತ್ಯ ಲೇಖನಿಯನ್ನು ಚೀನೀಯರು ಯಾವಾಗಲೂ ದ್ವೇಷಿಸಿದರೆಂದು ತಿಳಿಯುವುದು ತಪ್ಪಾದೀತು. ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ 1936ರಲ್ಲಿ ದಿಗ್ಬಂಧನವನ್ನು ದಾಟಿ ವಾಯವ್ಯ ಚೀನದ ಗುಡ್ಡಗಾಡಿಗೆ ಹೋಗಿ, ಮಾವೋ ಅವರೊಡನೆ ರಾತ್ರಿಗಳನ್ನು ಕಳೆದು ಬರೆದ ಪುಸ್ತಕವು 1938ರಲ್ಲಿ ಚೀನೀ ಭಾಷೆಗೆ ಅನುವಾದವಾದಾಗ, ತಮ್ಮ ದೇಶದೊಳಗೇ ನಡೆಯುತ್ತಿದ್ದ ಕ್ರಾಂತಿಯ ಕಥೆಯನ್ನು ಸಾವಿರಾರು ಚೀನೀ ತರುಣರು ಅದರಿಂದಲೇ ಅರಿತರು. ಸ್ನೋ ಅವರ ಚಿತಾಭಸ್ಮದ ಒಂದು ಭಾಗವು ಇಂದಿಗೂ ಪೀಕಿಂಗ್ ವಿಶ್ವವಿದ್ಯಾನಿಲಯದ ಸರೋವರದ ತೀರದಲ್ಲಿ, ಗೌರವದ ಸಮಾಧಿಯಲ್ಲಿದೆ.

ಆಂಟೋನಿಯೋನಿಯವರ ಕಥೆಯು ಇದಕ್ಕೆ ವಿಪರೀತವಾದುದು. 1972ರಲ್ಲಿ ಚೀನಾ ಸರ್ಕಾರದ ಆಹ್ವಾನದ ಮೇಲೆಯೇ ಬಂದ ಆ ಇಟಲಿಯ ನಿರ್ದೇಶಕರು, ಬೀದಿಯಲ್ಲಿ ನಡೆಯುವ ಮುದುಕಿಯರನ್ನೂ, ಚಹದ ಅಂಗಡಿಯ ವೃದ್ಧರನ್ನೂ, ಕ್ಯಾಮೆರಾವನ್ನು ಕಂಡು ನಾಚುವ ಹಳ್ಳಿಗರನ್ನೂ ಮಮತೆಯಿಂದ ಚಿತ್ರೀಕರಿಸಿಕೊಂಡು ಹೋದರು. 1974ರ ಜನವರಿಯಲ್ಲಿ ಪಕ್ಷದ ಪತ್ರಿಕೆಯಾದ ‘ಪೀಪಲ್ಸ್ ಡೈಲಿ’ಯು ಆ ಚಿತ್ರವನ್ನು ದುರುದ್ದೇಶದ ಕೃತಿಯೆಂದು ಖಂಡಿಸಿತು, ನಾನ್‌ಜಿಂಗಿನಲ್ಲಿ ಯಾಂಗ್‌ತ್ಸೆ ನದಿಯ ಮೇಲೆ ಕಟ್ಟಿದ ಮಹಾಸೇತುವೆಯನ್ನು ಸೊಟ್ಟಗೆ ಕಾಣುವಂತೆ ತೋರಿಸಿದರೆಂಬುದು ಅವರ ಮೇಲಿನ ಆರೋಪಗಳಲ್ಲಿ ಒಂದು. ಬಳಿಕ ನಾಡಿನಾದ್ಯಂತ ಸಭೆಗಳು ನಡೆದು, ಚಿತ್ರದ ಒಂದು ದೃಶ್ಯವನ್ನೂ ನೋಡದಿದ್ದ ಜನರು ಅದನ್ನು ನಿಂದಿಸಬೇಕಾಯಿತು. ಮೂವತ್ತು ವರ್ಷಗಳ ತರುವಾಯ, 2004ರಲ್ಲಿ, ಬೀಜಿಂಗಿನ ಚಲಚ್ಚಿತ್ರ ವಿದ್ಯಾಸಂಸ್ಥೆಯಲ್ಲಿ ಅದು ಪ್ರದರ್ಶಿತವಾಯಿತು. ಆ ಕಾಲದ ಸಾಮಾನ್ಯ ಜನರ ಮುಖಗಳನ್ನು ಉಳಿಸಿಕೊಟ್ಟ ಅಪೂರ್ವ ದಾಖಲೆಯೆಂದು ಈಗ ಅನೇಕ ಚೀನೀಯರು ಅದನ್ನು ಆದರಿಸುತ್ತಾರೆ. ಒಂದು ಪೀಳಿಗೆಗೆ ಅಪಮಾನವೆಂದು ಹೇಳಿಕೊಟ್ಟದ್ದು ಮುಂದಿನ ಪೀಳಿಗೆಗೆ ಆಸ್ತಿಯಾಯಿತು. ನಡುವೆ ಬದಲಾದದ್ದು ಒಂದೇ, ಜನರು ಅದನ್ನು ತಾವೇ ಕಣ್ಣಾರೆ ನೋಡಿದರು.

ಈ ಅಸಮಾಧಾನಕ್ಕೆ ಇಂದಿನ ಹೆಸರು ದೊರೆತದ್ದು 1996ರಲ್ಲಿ. ಅಮೆರಿಕದ ಪತ್ರಿಕಾಲಯಗಳನ್ನು ಹತ್ತಿರದಿಂದ ಕಂಡುಬಂದಿದ್ದ ಲೀ ಷಿಗುವಾಂಗ್ ಮತ್ತು ಅವರ ಸಂಗಡಿಗರು ಅಲ್ಲಿಯ ಪತ್ರಿಕೆಗಳು ಚೀನವನ್ನು ಚಿತ್ರಿಸುವ ಬಗೆಯನ್ನು ಪರಿಶೀಲಿಸಿ ಬರೆದ ಗ್ರಂಥದಿಂದ ‘ಯಾವ್‌ಮೋಹ್ವಾ’, ಅಂದರೆ ರಾಕ್ಷಸೀಕರಣ, ಎಂಬ ಶಬ್ದವು ಮನೆಮಾತಾಯಿತು. ಮೂರು ವರ್ಷಗಳ ಬಳಿಕ ಬೆಲ್‌ಗ್ರೇಡಿನ ಚೀನೀ ರಾಯಭಾರ ಕಚೇರಿಯ ಮೇಲೆ ಅಮೆರಿಕದ ಬಾಂಬುಗಳು ಬಿದ್ದು ಮೂವರು ಚೀನೀ ಪತ್ರಕರ್ತರು ಸತ್ತಾಗ, ಹಳೆಯ ಭೂಪಟದಿಂದಾದ ಪ್ರಮಾದವೆಂದು ಅಮೆರಿಕವು ಕೊಟ್ಟ ವಿವರಣೆಯನ್ನು ಚೀನೀಯರಲ್ಲಿ ನಂಬಿದವರು ವಿರಳ. ಪಾಶ್ಚಾತ್ಯ ಪತ್ರಿಕೆಗಳು ಅದನ್ನು ಅಷ್ಟು ಬೇಗ ಒಪ್ಪಿಕೊಂಡುವಲ್ಲ ಎಂಬ ಕಹಿಯು ಅವರಲ್ಲಿ ಬಹುಕಾಲ ಉಳಿಯಿತು.

2008ನೆಯ ವರ್ಷವು ಈ ಇತಿಹಾಸದ ತಿರುವು. ಮಾರ್ಚ್ 14ರಂದು ಟಿಬೆಟ್ಟಿನ ಲ್ಹಾಸಾ ನಗರದಲ್ಲಿ ಗಲಭೆಯೆದ್ದು, ಹಾನ್ ಚೀನೀಯರ ಮತ್ತು ಹ್ವೇ ಮುಸ್ಲಿಮರ ಅಂಗಡಿಗಳು ಬೆಂಕಿಗೆ ಆಹುತಿಯಾದುವು. ಆ ಸಂದರ್ಭದಲ್ಲಿ ಸಿಎನ್‌ಎನ್ ಸಂಸ್ಥೆಯು ಪ್ರಕಟಿಸಿದ ಛಾಯಾಚಿತ್ರವೊಂದರಲ್ಲಿ ಸೇನೆಯ ವಾಹನಗಳೂ ಅವುಗಳ ಮುಂದೆ ಓಡುವ ಜನರೂ ಕಾಣುತ್ತಿದ್ದರು. ವಾಹನಗಳ ಮೇಲೆ ಕಲ್ಲೆಸೆಯುತ್ತಿದ್ದ ಗುಂಪು ಇದ್ದ ಭಾಗವನ್ನು ಮಾತ್ರ ಕತ್ತರಿಸಲಾಗಿತ್ತು. ಜರ್ಮನಿಯ ದೂರದರ್ಶನ ವಾಹಿನಿಯೊಂದು ನೇಪಾಳದ ಪೋಲೀಸರ ದೃಶ್ಯಗಳನ್ನು ಟಿಬೆಟ್ಟಿನವೆಂದು ತೋರಿಸಿತು. ಇಂಥ ತಪ್ಪುಗಳನ್ನು ಒಂದೊಂದಾಗಿ ಹುಡುಕಿ, ಮೂಲವನ್ನೂ ನಕಲನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಕಾರ್ಯಕ್ಕೆ ರಾವ್ ಜಿನ್ ಎಂಬ, ಚಿಂಗ್‌ಹ್ವಾ ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣರು ತೊಡಗಿದರು. ಏಪ್ರಿಲಿನಲ್ಲಿ ಪ್ಯಾರಿಸಿನ ಬೀದಿಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು ಒಲಿಂಪಿಕ್ ಜ್ಯೋತಿಯನ್ನು ಒಯ್ಯುತ್ತಿದ್ದ ಕತ್ತಿವರಸೆಯ ಕ್ರೀಡಾಪಟು ಜಿನ್ ಜಿಂಗ್ ಅವರ ಕೈಯಿಂದ ಪ್ರತಿಭಟನಕಾರನೊಬ್ಬನು ಅದನ್ನು ಕಸಿಯಲೆತ್ನಿಸಿದುದೂ, ಅದೇ ದಿನಗಳಲ್ಲಿ ಸಿಎನ್‌ಎನ್‌ನ ವ್ಯಾಖ್ಯಾನಕಾರರೊಬ್ಬರು ಚೀನೀಯರನ್ನು ಪುಂಡರೆಂಬ ಅರ್ಥದಲ್ಲಿ ಹೀನಾಯವಾಗಿ ಮಾತನಾಡಿದುದೂ ಸೇರಿ, ಉರಿಯು ದೇಶವನ್ನೆಲ್ಲ ವ್ಯಾಪಿಸಿತು. ಮನುಷ್ಯನಾದವನು ಅಷ್ಟೊಂದು ‘ಸಿಎನ್‌ಎನ್’ ಆಗಬಾರದು ಎಂಬ ಮಾತು ತರುಣರ ಬಾಯಲ್ಲಿ ಗಾದೆಯಂತೆ ನಿಂತಿತು. ಇವರಲ್ಲಿ ಬಹುಮಂದಿ ಇಂಗ್ಲಿಷ್ ಬಲ್ಲವರು, ಪಾಶ್ಚಾತ್ಯ ಪತ್ರಿಕಾಸ್ವಾತಂತ್ರ್ಯದಲ್ಲಿ ಶ್ರದ್ಧೆಯಿಟ್ಟುಕೊಂಡು ಬೆಳೆದವರು. ಗುರುವೆಂದು ನಂಬಿದವನ ಲೆಕ್ಕದಲ್ಲಿ ತಪ್ಪನ್ನು ಕಂಡ ಶಿಷ್ಯನ ನೋವು ಅವರದು.

ಆದರೆ ನ್ಯಾಯವಾಗಿ ವಿಚಾರ ಮಾಡುವವರು ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿ ಇಡಬೇಕು. ಗಲಭೆಯೆದ್ದಾಗ ಅನುಮತಿಪೂರ್ವಕವಾಗಿ ಲ್ಹಾಸಾದಲ್ಲಿದ್ದ ಪಾಶ್ಚಾತ್ಯ ವರದಿಗಾರರೆಂದರೆ ‘ದಿ ಇಕನಾಮಿಸ್ಟ್’ ಪತ್ರಿಕೆಯ ಜೇಮ್ಸ್ ಮೈಲ್ಸ್ ಒಬ್ಬರೇ. ಹಾನ್ ಮತ್ತು ಹ್ವೇ ಜನರ ಮೇಲೆ ನಡೆದ ಹಲ್ಲೆಯನ್ನು ಅವರು ಕಂಡಂತೆಯೇ ಬರೆದರು, ಮತ್ತು ಚೀನೀಯರೂ ಆ ವರದಿಯನ್ನು ಆಧಾರವಾಗಿ ಉದಾಹರಿಸಿದರು. ಉಳಿದ ಪತ್ರಕರ್ತರಿಗೆ ಟಿಬೆಟ್ಟಿನ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದಿದ್ದ ಒಬ್ಬನು ಸರಿಯಾಗಿ ಬರೆದನು. ಹೊರಗೆ ನಿಂತವರು ನೇಪಾಳದ ಚಿತ್ರವನ್ನು ಹಿಡಿದುಕೊಂಡು ಕಥೆಯನ್ನು ಪೂರೈಸಿದರು. ಅವರ ಪ್ರಮಾದವು ಕ್ಷಮಾರ್ಹವಲ್ಲ. ಆದರೆ ಆ ಪ್ರಮಾದಕ್ಕೆ ನೆಲವನ್ನು ಹಸನುಮಾಡಿಕೊಟ್ಟದ್ದು ಮುಚ್ಚಿದ ಬಾಗಿಲು. ಇಂದಿಗೂ ಚೀನೀ ಪ್ರಜೆಯಾದವನು ವಿದೇಶೀ ಪತ್ರಿಕೆಗೆ ತನ್ನ ನೆಲದಲ್ಲಿ ವರದಿಗಾರನಾಗುವಂತಿಲ್ಲ, ‘ಸುದ್ದಿ ಸಹಾಯಕ’ನಾಗಿ ಮಾತ್ರ ದುಡಿಯಬಹುದು ಎಂಬ ನಿಯಮವಿದೆ, ದೇಶವನ್ನು ಒಳಗಿನಿಂದ ಬಲ್ಲವನ ಲೇಖನಿಯು ಹೀಗೆ ಮೊದಲೇ ಕಟ್ಟಿಹೋಗಿದೆ.

ಈ ಜನಭಾವನೆಯನ್ನು ಆಳುವವರು ಅರಿತು ಬಳಸಿಕೊಂಡರು. ಹಿಂದುಳಿದವರು ಪೆಟ್ಟು ತಿನ್ನುತ್ತಾರೆ, ಬಡವರು ಹಸಿವು ತಿನ್ನುತ್ತಾರೆ, ದನಿ ಕಳೆದುಕೊಂಡವರು ಬೈಗುಳ ತಿನ್ನುತ್ತಾರೆ, ಮೊದಲೆರಡು ಪರಿಹಾರವಾದುವು, ಮೂರನೆಯದು ಉಳಿದಿದೆ ಎಂಬ ಭಾವದ ಮಾತನ್ನು ಷಿ ಜಿನ್‌ಪಿಂಗ್ ಅವರು 2015ರಲ್ಲಿ ಆಡಿದರು. ಆದರೆ ಬೈಗುಳವೆಂದು ಹೇಳುವುದರ ಪೂರ್ಣಪಾಠವನ್ನು ಜನರು ಓದುವ ದಾರಿ ಯಾವುದು? ವಿದೇಶೀ ಪತ್ರಿಕೆಗಳ ಲೇಖನಗಳನ್ನು ಅನುವಾದಿಸಿ ಕೊಡುವ ‘ತ್ಸಾನ್‌ಕಾವ್ ಷಿಯಾವ್‌ಷಿ’ ಎಂಬ ಪತ್ರಿಕೆಯು 1931ರಷ್ಟು ಹಳೆಯದು. ಬಹುಕಾಲ ಅಧಿಕಾರಿವರ್ಗಕ್ಕೆ ಮೀಸಲಾಗಿದ್ದು, 1985ರಲ್ಲಿ ಸಾರ್ವಜನಿಕರಿಗೆ ದೊರೆತು, ಲಕ್ಷಾಂತರ ಓದುಗರನ್ನು ಪಡೆಯಿತು. ಆದರೆ ಯಾವುದನ್ನು ಅನುವಾದಿಸಬೇಕೆಂಬ ಆಯ್ಕೆಯು ಸರ್ಕಾರದ ವಾರ್ತಾಸಂಸ್ಥೆಯದು. 2012ರ ಜೂನಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಚೀನೀ ಭಾಷೆಯಲ್ಲಿಯೇ ಪ್ರಕಟವಾಗತೊಡಗಿತು. ಅಂದಿನ ಪ್ರಧಾನಿಯ ಕುಟುಂಬದ ಸಂಪತ್ತನ್ನು ಕುರಿತ ವರದಿಯೊಂದು ಹೊರಬಿದ್ದೊಡನೆ, ಅದೇ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು.

ಪಾಶ್ಚಾತ್ಯ ಪತ್ರಿಕೆಯು ಚೀನೀಯರ ಪ್ರಾಣವನ್ನೇ ಕಾಪಾಡಿದ ಸಂದರ್ಭವೂ ಉಂಟು. 2003ರಲ್ಲಿ ಸಾರ್ಸ್ ರೋಗದ ನಿಜವಾದ ಸಂಖ್ಯೆಯನ್ನು ಮರೆಮಾಚಿದ್ದಾಗ, ಸೇನಾ ಆಸ್ಪತ್ರೆಯ ವೃದ್ಧ ವೈದ್ಯರಾದ ಜಿಯಾಂಗ್ ಯಾನ್‌ಯೋಂಗ್ ತಾವು ಬಲ್ಲ ಸತ್ಯವನ್ನು ಸ್ವದೇಶದ ದೂರದರ್ಶನಕ್ಕೆ ಬರೆದು ಕಳುಹಿಸಿದರು. ಅಲ್ಲಿ ಅದು ಬೆಳಕಿಗೆ ಬರಲಿಲ್ಲ. ‘ಟೈಮ್’ ಪತ್ರಿಕೆಯಲ್ಲಿ ಬಂತು. ಕೆಲವೇ ದಿನಗಳಲ್ಲಿ ಆರೋಗ್ಯ ಮಂತ್ರಿಯೂ ಬೀಜಿಂಗಿನ ಮೇಯರೂ ಪದಚ್ಯುತರಾದರು. ಜನರು ಆ ವೈದ್ಯರನ್ನು ಪ್ರಾಮಾಣಿಕನೆಂದು ಕೊಂಡಾಡಿದರು. ಹದಿನೇಳು ವರ್ಷಗಳ ಬಳಿಕ ವೂಹಾನಿನ ಲೇಖಕಿ ಫಾಂಗ್ ಫಾಂಗ್, ಬಂದಿಯಾದ ತಮ್ಮ ನಗರದ ದಿನಚರಿಯನ್ನು ಬರೆದಾಗ ಕೋಟ್ಯಂತರ ಜನರು ರಾತ್ರಿಯಲ್ಲಿ ಎಚ್ಚರವಿದ್ದು ಓದಿದರು. ಆದರೆ ಅದೇ ಬರಹವು ಇಂಗ್ಲಿಷಿನಲ್ಲಿ ಪುಸ್ತಕವಾಗಲಿದೆಯೆಂಬ ಸುದ್ದಿ ಬಂದೊಡನೆ, ಪರರ ಕೈಗೆ ಚೂರಿ ಕೊಟ್ಟಳೆಂಬ ನಿಂದೆಯು ಅವರ ಮೇಲೆ ಸುರಿಯಿತು. ಬರಹದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಓದುವ ಕಣ್ಣು ಮಾತ್ರ ಬೇರೆಯಾಗಲಿತ್ತು. ಪರರ ಅನ್ಯಾಯವಾದ ನೋಟವು ಒಂದು ಜನಾಂಗಕ್ಕೆ ಮಾಡುವ ಅತ್ಯಂತ ಆಳವಾದ ಕೇಡು ಇದೆಂದು ನಾನು ನಂಬುತ್ತೇನೆ: ಅದು ಮನೆಯೊಳಗಿನ ಸತ್ಯವಾದಿಯನ್ನು ಮನೆಯವರ ಕಣ್ಣಿನಲ್ಲೇ ದ್ರೋಹಿಯನ್ನಾಗಿ ಮಾಡುತ್ತದೆ.

ಈ ಬಿಕ್ಕಟ್ಟಿಗೆ ಉತ್ತರವನ್ನು ಚೀನವೇ ಬಹಳ ಹಿಂದೆ ಕಂಡುಕೊಂಡಿತ್ತು. ಅಮೆರಿಕದ ಪಾದ್ರಿ ಆರ್ಥರ್ ಸ್ಮಿತ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೀನೀಯರ ಸ್ವಭಾವವನ್ನು ಕುರಿತು, ಮುಖದ ಮೇಲಿನ ವ್ಯಾಮೋಹವನ್ನೇ ಮೊದಲ ಅಧ್ಯಾಯವಾಗಿರಿಸಿ, ಒಂದು ಕಟುವಾದ ಗ್ರಂಥವನ್ನು ರಚಿಸಿದ್ದನು. 1936ರ ಅಕ್ಟೋಬರಿನಲ್ಲಿ, ಮರಣಕ್ಕೆ ಕೆಲವೇ ದಿನಗಳು ಉಳಿದಿದ್ದಾಗ, ಚೀನವನ್ನು ಅವಮಾನಿಸುವ ಚಲಚ್ಚಿತ್ರಗಳ ಚರ್ಚೆಯ ನಡುವೆ, ಮಹಾಲೇಖಕ ಲೂ ಷುನ್ ಆ ಗ್ರಂಥವನ್ನು ಯಾರಾದರೂ ಅನುವಾದಿಸಲಿ ಎಂದು ಆಶಿಸಿದರು. ಓದಿ, ಯಾವುದು ಸರಿ ಯಾವುದು ತಪ್ಪು ಎಂದು ತಾವೇ ವಿಂಗಡಿಸಿ, ಪರರ ಕ್ಷಮೆಯನ್ನೂ ಹೊಗಳಿಕೆಯನ್ನೂ ಬೇಡದೆ, ಚೀನೀಯನು ಎಂಥವನೆಂಬುದನ್ನು ತನ್ನ ಬಾಳಿನಿಂದಲೇ ಸಿದ್ಧಪಡಿಸಬೇಕೆಂಬುದು ಅವರ ಅಭಿಪ್ರಾಯ. ಅಮೆರಿಕದ ಲೇಖಕಿ ಕ್ಯಾಥರೀನ್ ಮೇಯೋ ಭಾರತವನ್ನು ಹೀಯಾಳಿಸಿ ಬರೆದಾಗ, 1927ರಲ್ಲಿ ಗಾಂಧೀಜಿಯವರು ಅದನ್ನು ಚರಂಡಿ ಪರೀಕ್ಷಕನ ವರದಿಯೆಂದು ಖಂಡಿಸಿಯೂ, ಭಾರತೀಯರು ಅದನ್ನು ಓದಿ ಪ್ರಯೋಜನ ಪಡೆಯಬಹುದೆಂದು ಬರೆದುದನ್ನು ನಾವು ಇಲ್ಲಿ ಸ್ಮರಿಸಬೇಕು.

ಆದಕಾರಣ ನನ್ನ ನಿರ್ಣಯವಿದು: ಚೀನೀಯರ ದೂರಿನಲ್ಲಿ ಸತ್ಯವಿದೆ, ಆದರೆ ಪರರ ಲೇಖನಿಯನ್ನು ಹೊರಗಟ್ಟುವುದರಿಂದ ಅದು ಪರಿಹಾರವಾಗದು, ಹಾಂಗ್ ಷೆನ್ ಅವರಂತೆ ಎದ್ದು ನಿಲ್ಲುವವರಿಗೂ, ಜಿಯಾಂಗ್ ಅವರಂತೆ ಪತ್ರ ಬರೆಯುವವರಿಗೂ, ಸ್ವದೇಶದಲ್ಲಿ ಸ್ವಭಾಷೆಯಲ್ಲಿ ನಿರ್ಭಯವಾಗಿ ಮಾತನಾಡುವ ಅವಕಾಶವು ದೊರೆತಾಗ ಮಾತ್ರ ಪರಿಹಾರವಾದೀತು. ಕನ್ನಡದ ಓದುಗರಿಗೂ ಒಂದು ಮಾತು. 2023ರಲ್ಲಿ ಭಾರತವೂ ಚೀನವೂ ಪರಸ್ಪರರ ಪತ್ರಕರ್ತರಿಗೆ ವೀಸಾ ಕೊಡದೆ ಹೋದುದರಿಂದ, ಬೀಜಿಂಗಿನಿಂದ ನಮಗೆ ಬರೆಯಬೇಕಾದ ನಮ್ಮವರು ಹೆಚ್ಚುಕಡಿಮೆ ಇಲ್ಲವಾದರು. ನಮ್ಮ ನೆರೆಯ ದೇಶವನ್ನು ಕುರಿತು ನಾವು ಬೆಳಗಿನ ಪತ್ರಿಕೆಯಲ್ಲಿ ಓದುವ ಸುದ್ದಿಯ ಬಹುಪಾಲು ಲಂಡನ್ನು, ಪ್ಯಾರಿಸು, ನ್ಯೂಯಾರ್ಕುಗಳ ವಾರ್ತಾಸಂಸ್ಥೆಗಳಿಂದ ಬಂದದ್ದು. ಅದನ್ನು ಓದುವಾಗ, ಬರೆದವನು ಆ ಸ್ಥಳದಲ್ಲಿದ್ದನೇ, ಚಿತ್ರದ ಯಾವ ಅಂಚು ಕತ್ತರಿಸಿಹೋಗಿದೆ ಎಂದು ಒಂದು ಕ್ಷಣ ಕೇಳಿಕೊಳ್ಳಿರಿ.