ಸ್ಟೀಲ್ ಟ್ಯಾಂಕಿಗೆ ಕಬ್ಬಿಣದ ಪೈಪು: ವೆಲ್ಡಿಂಗ್‌ಗೆ ಮುಂಚೆ ರಾಡಿನ ನಂಬರ್ ನೋಡಿ

ಒಂದು ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ 400 ಲೀಟರ್ ಜೀವಾಮೃತ ಚರಂಡಿ ಪಾಲಾಗಿತ್ತು. ಎರಡು ಎಕರೆಗೆ ಆಗುವಷ್ಟು. ಬೆಲ್ಲ, ಹಿಟ್ಟು ಹೋದದ್ದಕ್ಕಿಂತ ಹೊಟ್ಟೆ ಉರಿದದ್ದು ಟ್ಯಾಂಕಿಗೆ ಪೈಪು ಕೂರಿಸಿ ಇಪ್ಪತ್ತು ದಿನವೂ ಆಗಿಲ್ಲವಲ್ಲ ಅಂತ.

ಆಗಿದ್ದಿಷ್ಟೆ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನ ತಳಕ್ಕೆ ಜಿಐ ಪೈಪಿನ ತುಂಡನ್ನು, ಗೇಟು ಕಿಟಕಿಗೆ ಬಳಸೋ ಮಾಮೂಲಿ ರಾಡಿನಲ್ಲೇ ವೆಲ್ಡ್ ಮಾಡಿದ್ದರು. ನೋಡೋಕೆ ಚೆನ್ನಾಗಿತ್ತು, ನಾನೂ ಕೇಳಲಿಲ್ಲ. ಕಾಲೇಜಿನಲ್ಲಿ ಮಾವಿನ ಕಸಿ ಕಲಿತವನಿಗೆ ಲೋಹದ ಕಸಿ ಎಲ್ಲಿ ಗೊತ್ತು!

ನಾವು ಬಳಸೋ 304 ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಮಾಮೂಲಿ ರಾಡಿನಲ್ಲಿ ಇವು ಇಲ್ಲ. ಎರಡೂ ಕರಗಿ ಬೆರೆತಾಗ ಕ್ರೋಮಿಯಂ, ನಿಕ್ಕಲ್ ಎರಡೂ ತೆಳುವಾಗಿ, ಬೆಸುಗೆ ಗಡುಸಾಗಿ ಗಾಜಿನ ಹಾಗೆ ಬಿರುಕು ಬಿಡುತ್ತದೆ. ಸ್ಟೀಲಿಗೆ ಕಬ್ಬಿಣ ಸೇರಿಸೋಕೆ ಬೇಕಾದ್ದು 309ಎಲ್ ರಾಡು. ಅದರಲ್ಲಿ ಕ್ರೋಮಿಯಂ ಶೇ. 22ರಿಂದ 25, ನಿಕ್ಕಲ್ ಶೇ. 12ರಿಂದ 14. ಕಬ್ಬಿಣ ಬೆರೆತರೂ ಬೆಸುಗೆಯ ಗುಣ ಉಳಿಯುತ್ತದೆ. ಸ್ಟೀಲಿಗೆ ಸ್ಟೀಲೇ ಆದರೆ 308ಎಲ್ ಸಾಕು. ನಂಬರ್ ರಾಡಿನ ಹಿಡಿಕೆ ತುದಿಯ ಹತ್ತಿರವೇ ಅಚ್ಚಾಗಿರುತ್ತದೆ, ಕಣ್ಣಾರೆ ನೋಡಿ.

ಜಿಐ ಪೈಪಾದರೆ ಇನ್ನೊಂದು ಅಪಾಯ ಇದೆ. ಕರಗಿದ ಸತು ಬಿಸಿ ಸ್ಟೀಲಿನೊಳಗೆ ಇಳಿದು ಅದನ್ನೇ ಸೀಳುತ್ತದೆ. ಬೆಸುಗೆ ಬೀಳೋ ಜಾಗದ ಸುತ್ತ ಒಂದೆರಡು ಇಂಚು ಸತುವಿನ ಲೇಪ ಪೂರ್ತಿ ಉಜ್ಜಿ ತೆಗೆಸಬೇಕು, ಪೈಪಿನ ಒಳಗೂ. ಆ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಕಬ್ಬಿಣ ಉಜ್ಜಿದ ಬ್ರಷ್ಷನ್ನು ಸ್ಟೀಲಿಗೆ ಹಾಕಲು ಬಿಡಬೇಡಿ, ಅಲ್ಲೇ ತುಕ್ಕು ಶುರುವಾಗುತ್ತದೆ.

ನಿಕ್ಕಲ್ ಮಿಶ್ರಲೋಹದ ರಾಡು ದುಬಾರಿ. ನಮ್ಮ ಟ್ಯಾಂಕಿಗೆ ಅದು ಬೇಡ. ಸ್ಟೀಲು ಬಿಸಿಯಾದಾಗ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಹಾಗಾಗಿ ದಿನಾ ಕಾದು ಆರುವ, ತುಂಬಾ ಬಿಸಿಯಾಗುವ ಜೋಡಣೆಗಳಲ್ಲಿ ಅದಕ್ಕೆ ಬೆಲೆ. ಒಡೆದ ಬೀಡುಕಬ್ಬಿಣದ ಪಂಪಿನ ಕವಚಕ್ಕೂ ನಿಕ್ಕಲ್ ರಾಡೇ ಬಳಸುತ್ತಾರೆ.

ಸರಿಯಾಗಿ ಬೆಸೆದರೂ, ಸದಾ ಹುಳಿ ದ್ರವ ತಾಗುವ ಕಡೆ ಸ್ಟೀಲಿಗೆ ಅಂಟಿದ ಕಬ್ಬಿಣ ಬೇಗ ತಿಂದುಹೋಗುತ್ತದೆ. ಅದಕ್ಕೇ ನಾನು ಜಿಐ ತುಂಡು ಕತ್ತರಿಸಿ ಹಾಕಿ, ಮರೆಯಿರುವ ಸ್ಟೀಲ್ ನಿಪ್ಪಲ್ ಕೂರಿಸಿ, ಪ್ಲಾಸ್ಟಿಕ್ ಬಾಲ್ ವಾಲ್ವ್ ತಿರುಗಿಸಿದೆ. 309ಎಲ್ ಬಳಸಿದ್ದು ಹೊರಗಿನ ಕಬ್ಬಿಣದ ಸ್ಟ್ಯಾಂಡಿಗೆ ಮಾತ್ರ. ಆಮೇಲೆ ಒಂದು ರಾತ್ರಿ ಬರೀ ನೀರು ತುಂಬಿಸಿಟ್ಟು, ಬೆಳಿಗ್ಗೆ ಬೆಸುಗೆ ಸುತ್ತ ಒಣ ಬಟ್ಟೆ ಒತ್ತಿ ನೋಡಿದೆ. ಪಸೆ ಇರಲಿಲ್ಲ.